ಮಂಡಿ ಉಳಿಸಿಕೊಂಡ ಪೈಲಟ್

ಸ್ಯಾನ್ ಡಿಯಾಗೋದಲ್ಲಿ ನಾನು ದಿನಾ ಆಫೀಸಿಗೆ ಹೋಗುವ ರಸ್ತೆಯ ಹೆಸರು ಟೆಡ್ ವಿಲಿಯಮ್ಸ್ ಫ್ರೀವೇ. ಆರು ವರ್ಷದಿಂದ ಓಡಾಡುತ್ತಿದ್ದೇನೆ. ಯಾರೀ ಪುಣ್ಯಾತ್ಮ ಅಂತ ಒಂದು ದಿನವೂ ಯೋಚಿಸಿರಲಿಲ್ಲ. ಕೇಳಿದ್ದು ಚಿಕ್ಕಪ್ಪ.

ಅವರು ಬೆಂಗಳೂರಿನ ಎಚ್‌ಎಎಲ್‌ನಲ್ಲಿ ವಿಮಾನದ ಹೈಡ್ರಾಲಿಕ್ (ಎಣ್ಣೆಯ ಒತ್ತಡದಿಂದ ಭಾಗಗಳನ್ನು ಆಡಿಸುವ ವ್ಯವಸ್ಥೆ) ಕೆಲಸ ಮಾಡಿ ರಿಟೈರ್ ಆದವರು. ಹಿಂದಿನ ಸೀಟಿನಿಂದ ಮಗಳು ಫೋನ್ ನೋಡಿ ಓದಿದಳು: "ಬೇಸ್‌ಬಾಲ್ ಪ್ಲೇಯರ್ ತಾತ. ಇದೇ ಊರಿನವನು. ಫೈಟರ್ ಪೈಲಟ್ ಕೂಡ." ಬೇಸ್‌ಬಾಲ್ ಅಂದಾಗ ಕಿಟಕಿ ಕಡೆ ತಿರುಗಿದ್ದ ಚಿಕ್ಕಪ್ಪ, ಪೈಲಟ್ ಅಂದ ಕೂಡಲೇ ಈ ಕಡೆ ತಿರುಗಿದರು. "ಯಾವ ವಿಮಾನ?"

ಪ್ಯಾಂಥರ್. ಅಂಥದ್ದೊಂದು ಇಲ್ಲೇ ಮಿಡ್‌ವೇ ಹಡಗಿನ ಮ್ಯೂಸಿಯಂನಲ್ಲಿದೆ. ಶನಿವಾರ ಹೊರಟೆವು. ಹಡಗಿನೊಳಗಿನ ಮೆಟ್ಟಿಲು ಏಣಿಯಷ್ಟು ಕಡಿದು. ಚಿಕ್ಕಪ್ಪನಿಗೆ ಮಂಡಿ ನೋವು ಬೇರೆ. ಪ್ರತಿ ಮೆಟ್ಟಿಲಿಗೂ ಒಂದು "ಅಯ್ಯಪ್ಪಾ".

ದಾರಿಯಲ್ಲಿ ನಾನು ಹಿಂದಿನ ರಾತ್ರಿ ಓದಿದ್ದನ್ನೆಲ್ಲ ಒಪ್ಪಿಸಿದೆ. ಬೇಸ್‌ಬಾಲ್‌ನಲ್ಲಿ ಹತ್ತಕ್ಕೆ ಮೂರು ಸಲ ಹಿಟ್ ಹೊಡೆದರೆ ಒಳ್ಳೆಯ ಬ್ಯಾಟರ್. ಇವನು 1941ರ ಸೀಸನ್ ಪೂರ್ತಿ ನಾಲ್ಕರ ಲೆಕ್ಕ ದಾಟಿಸಿದ್ದ. ಹೈಸ್ಕೂಲಿನಿಂದ ನೇರ ಆಟಕ್ಕೆ ಹೋದವನು. ಕಾಲೇಜಿಗೆ ಕಾಲಿಟ್ಟಿದ್ದು ಯುದ್ಧದ ತರಬೇತಿಗೆ, ಅದೂ ಸ್ಟಾರ್ ಆದ ಮೇಲೆ. 1943ರಲ್ಲಿ ನಾರ್ತ್ ಕ್ಯಾರೊಲಿನಾದ ಚಾಪೆಲ್ ಹಿಲ್‌ನ ವಿಶ್ವವಿದ್ಯಾಲಯದಲ್ಲಿ ನೌಕಾಪಡೆಯ ಕೆಡೆಟ್ ಆಗಿದ್ದುಕೊಂಡೇ ಅಲ್ಲಿನ ಕ್ಲೌಡ್‌ಬಸ್ಟರ್ಸ್ ತಂಡಕ್ಕೆ ಆಡಿದ. ಆ ಯುದ್ಧ ಮುಗಿಯಿತು, ಆಟಕ್ಕೆ ವಾಪಸಾದ. 1952ರಲ್ಲಿ ಕೊರಿಯಾ ಯುದ್ಧಕ್ಕೆ ಮತ್ತೆ ಕರೆ ಬಂತು. ವಯಸ್ಸು 33. ಹೋಗಲು ಮನಸ್ಸೇ ಇರಲಿಲ್ಲ, ಆದರೂ ಹೋದ. (ಇದನ್ನು ಓದಿದ ಮೇಲೇ ನನಗೆ ಅವನು ಇಷ್ಟವಾಗಿದ್ದು.)

"ಅದೆಲ್ಲ ಇರಲಿ, ವಿಮಾನಕ್ಕೆ ಏನಾಯ್ತು ಹೇಳು."

1953ರ ಫೆಬ್ರವರಿ 16. ಕೆಳಗಿನಿಂದ ಹಾರಿಸಿದ ಗುಂಡು ಬಿತ್ತು. ಹೈಡ್ರಾಲಿಕ್ ಹೋಯಿತು, ರೇಡಿಯೋ ಹೋಯಿತು, ಬೆಂಕಿ ಹತ್ತಿತು. ಲ್ಯಾರಿ ಹಾಕಿನ್ಸ್ ಎಂಬ ಪೈಲಟ್ ಪಕ್ಕದಲ್ಲೇ ಹಾರುತ್ತ ಕೈಸನ್ನೆಯಲ್ಲಿ ದಾರಿ ತೋರಿಸಿದ. ಟೆಡ್ ಹೊರಗೆ ಹಾರಲಿಲ್ಲ. ಚಕ್ರವೂ ಇಲ್ಲದೆ, ಗಂಟೆಗೆ ಸುಮಾರು 360 ಕಿಲೋಮೀಟರ್ ವೇಗದಲ್ಲಿ ದಕ್ಷಿಣ ಕೊರಿಯಾದ ಸುವೋನ್ ರನ್‌ವೇ ಮೇಲೆ ಹೊಟ್ಟೆ ಉಜ್ಜಿಕೊಂಡು ಇಳಿಸಿದ. ಇಳಿದು ಓಡಿದ.

ಚಿಕ್ಕಪ್ಪ ಪ್ಯಾಂಥರ್ ಸುತ್ತ ಎರಡು ಸುತ್ತು ಬಂದರು. ಬಗ್ಗಿ ಹೊಟ್ಟೆ ನೋಡಿದರು. "ಹೈಡ್ರಾಲಿಕ್ ಹೋದ್ರೆ ಸ್ಟಿಕ್ಕು ಕಲ್ಲಾಗತ್ತೆ ಕಣೋ. ಎರಡು ಕೈಲಿ ಎಳೀಬೇಕು. ಮೇಲಿದ್ದಾಗಲೇ ಹಾರಬೇಕಿತ್ತು. ಯಾಕೆ ಹಾರಲಿಲ್ಲ?"

"ಆರಡಿ ಮೂರಿಂಚು ಎತ್ತರ. ಸೀಟಿನ ಸಮೇತ ಹಾರಿದ್ರೆ ಕಾಕ್‌ಪಿಟ್ ಅಂಚಿಗೆ ಬಡಿದು ಮಂಡಿ ಹೋಗತ್ತೆ, ಆಮೇಲೆ ಆಟ ಮುಗೀತು ಅಂತ ಹೆದರಿದನಂತೆ."

ಚಿಕ್ಕಪ್ಪ ಕಾಕ್‌ಪಿಟ್ಟಿನ ಅಗಲವನ್ನು ಕಣ್ಣಲ್ಲೇ ಅಳೆದರು. "ಹುಚ್ಚ. ಮಂಡಿ ಉಳಿಸೋಕೆ ಜೀವ ಪಣಕ್ಕಿಟ್ನಲ್ಲೋ. ನಮ್ಮ ಪೈಲಟ್‌ಗಳು ಕೇಳಿದ್ರೆ ಬೈತಿದ್ರು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಆಮೇಲೆ ಆಡಿದ್ನಾ?" ಅಂದರು.

"ಅದೇ ವರ್ಷ ವಾಪಸ್ ಬಂದು 37 ಪಂದ್ಯ ಆಡಿದ. ಆಗಲೂ ಹತ್ತಕ್ಕೆ ನಾಲ್ಕರ ಮೇಲೇ. 1960ರವರೆಗೂ ಆಡಿದ."

ಇಳಿಯುವಾಗ ಚಿಕ್ಕಪ್ಪ ಕಂಬಿ ಹಿಡಿದು, ಹಿಮ್ಮುಖವಾಗಿ, ಒಂದೊಂದೇ ಮೆಟ್ಟಿಲು ಇಳಿದರು. ನಾನು ಕೈ ಕೊಡಲು ಹೋದೆ.

"ಬೇಡ, ಬಿಡು," ಅಂದರು. "ನನಗೂ ಇರೋದು ಎರಡೇ ಮಂಡಿ. ನಾನೇ ನೋಡ್ಕೋತೀನಿ."