ಜೇಬಿನ ಟಾರ್ಚು ಎಷ್ಟು ದೂರ ತೋರಿಸುತ್ತದೆ?

ಟ್ಯಾಕ್ಟಿಕಲ್ ಎಂಬ ಹೆಸರಿನಲ್ಲಿ ಮಾರಾಟವಾಗುವ ಟಾರ್ಚುಗಳ ಪೆಟ್ಟಿಗೆಯ ಮೇಲೆ ಎರಡು ಸಂಖ್ಯೆಗಳು ದಪ್ಪ ಅಕ್ಷರದಲ್ಲಿ ಇರುತ್ತವೆ. ಒಂದು ಲ್ಯೂಮೆನ್, ಇನ್ನೊಂದು ಮೀಟರ್. ಕೊಳ್ಳುವವರು ಮೊದಲನೆಯದನ್ನು ನೋಡಿ ಬೆಲೆ ಕಟ್ಟುತ್ತಾರೆ, ಎರಡನೆಯದನ್ನು ನಂಬಿ ಮನೆಗೆ ತರುತ್ತಾರೆ. ದೂರಕ್ಕೆ ಬೆಳಕು ಹಾಯಿಸುವುದೇ ಉದ್ದೇಶವಾಗಿರುವ ಟಾರ್ಚಿನಲ್ಲಿ ಈ ಎರಡಕ್ಕಿಂತಲೂ ಹೆಚ್ಚು ಸತ್ಯ ಹೇಳುವುದು ಮೂಲೆಯಲ್ಲಿ ಸಣ್ಣದಾಗಿ ಮುದ್ರಿಸಿರುವ ಮೂರನೆಯ ಸಂಖ್ಯೆ, ಅಂದರೆ ಕ್ಯಾಂಡೆಲಾ. ನಾನು ಈಚೆಗೆ ಕೊಂಡ ಟಾರ್ಚಿನ ತಲೆ 40 ಮಿಲಿಮೀಟರ್ ಅಗಲವಿದೆ, ಒಳಗೆ 21700 ಎಂಬ ಗಾತ್ರದ ಒಂದೇ ಒಂದು ಲಿಥಿಯಂ ಸೆಲ್ ಕೂರುತ್ತದೆ, ಇಡೀ ವಸ್ತು ಜರ್ಕಿನ್ನಿನ ಜೇಬಿನಲ್ಲಿ ಸಲೀಸಾಗಿ ಹಿಡಿಸುತ್ತದೆ. ಪೆಟ್ಟಿಗೆಯ ಮೇಲೆ 1,000 ಲ್ಯೂಮೆನ್, 90,000 ಕ್ಯಾಂಡೆಲಾ, 600 ಮೀಟರ್ ಎಂದು ಬರೆದಿದೆ. ಇದೇ ಅಳತೆಯ, ಇದೇ ಬಗೆಯ ಎಲ್‌ಇಡಿ ಇರುವ ಟಾರ್ಚುಗಳನ್ನು ಹಲವು ಕಂಪನಿಗಳು ತಯಾರಿಸುವುದರಿಂದ, ಓದುವವರಿಗೆ ಕಂಪನಿಯ ಹೆಸರಿಗಿಂತ ಪರೀಕ್ಷಿಸುವ ಕ್ರಮವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ ಎಂದುಕೊಂಡಿದ್ದೇನೆ.

ಟಾರ್ಚಿನಿಂದ ಎಲ್ಲ ದಿಕ್ಕಿಗೂ ಹೊರಬರುವ ಬೆಳಕಿನ ಒಟ್ಟು ಮೊತ್ತ ಲ್ಯೂಮೆನ್. ಒಂದು ದಿಕ್ಕಿನಲ್ಲಿ ಆ ಬೆಳಕು ಎಷ್ಟು ಗಟ್ಟಿಯಾಗಿ ಸಾಗುತ್ತದೆ ಎಂಬುದರ ಅಳತೆ ಕ್ಯಾಂಡೆಲಾ. ಅಂಗಳ ಬೆಳಗುವ ಸಾವಿರ ಲ್ಯೂಮೆನ್ನಿನ ದೀಪ 100 ಮೀಟರ್ ಆಚೆಯ ಬೇಲಿಯನ್ನು ತೋರಿಸಲಾರದು, ಆದರೆ ಕಿರಿದಾದ ಕಿರಣದ ಇನ್ನೂರು ಲ್ಯೂಮೆನ್ನಿನ ಟಾರ್ಚು ಅದೇ ಬೇಲಿಯ ಕಂಬಗಳನ್ನು ಎಣಿಸಲು ಬಿಡುತ್ತದೆ. ಪೆಟ್ಟಿಗೆಯ ಮೇಲಿನ ದೂರವಾದರೋ ಎಫ್‌ಎಲ್1 ಎಂಬ ಮಾನದಂಡದಿಂದ ಬಂದದ್ದು. 2009ರಲ್ಲಿ ಮೊದಲು ಪ್ರಕಟವಾದ ಈ ಅಮೆರಿಕನ್ ಮಾನದಂಡದ ಪ್ರಕಾರ, ಗುರಿಯ ಮೇಲೆ ಬೀಳುವ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗವೇ ಕಿರಣದ ದೂರ. ಲಕ್ಸ್ ಎಂಬುದು ಒಂದು ಮೇಲ್ಮೈ ಮೇಲೆ ಬೀಳುವ ಬೆಳಕಿನ ಅಳತೆ; ಕಾಲು ಲಕ್ಸ್ ಎಂದರೆ ಮೋಡವಿಲ್ಲದ ಹುಣ್ಣಿಮೆಯ ರಾತ್ರಿ ನೆಲದ ಮೇಲೆ ಬೀಳುವಷ್ಟು ಬೆಳಕು. ದೂರ ಎರಡರಷ್ಟಾದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ ಎಂಬ ನಿಯಮವನ್ನು ಇದಕ್ಕೆ ಹಚ್ಚಿದರೆ ಲೆಕ್ಕ ಬಹಳ ಸರಳ: ಕ್ಯಾಂಡೆಲಾದ ವರ್ಗಮೂಲವನ್ನು ಎರಡರಿಂದ ಗುಣಿಸಿದರೆ ಮೀಟರುಗಳಲ್ಲಿ ದೂರ ಸಿಗುತ್ತದೆ. 90,000ದ ವರ್ಗಮೂಲ 300, ಅದರ ಎರಡರಷ್ಟು 600. ಪೆಟ್ಟಿಗೆಯ ಮೇಲಿನ ಕ್ಯಾಂಡೆಲಾ ಮತ್ತು ಮೀಟರ್ ಸಂಖ್ಯೆಗಳು ಹೀಗೆ ಒಂದಕ್ಕೊಂದು ತಾಳೆಯಾಗದಿದ್ದರೆ ಆ ಟಾರ್ಚನ್ನು ಅಂಗಡಿಯಲ್ಲೇ ಬಿಟ್ಟು ಬರಬಹುದು.

ಕ್ಯಾಂಡೆಲಾ ಅಳೆಯಲು ಪ್ರಯೋಗಾಲಯ ಬೇಕಿಲ್ಲ. ಸಾಧಾರಣ ಬೆಲೆಯ ಲಕ್ಸ್ ಮೀಟರು, ಒಂದು ಟೇಪು ಮತ್ತು ಕತ್ತಲೆಯ ಉದ್ದ ಜಗಲಿ ಸಾಕು. ಮೀಟರನ್ನು ಸರಿಯಾಗಿ 10 ಮೀಟರ್ ದೂರದಲ್ಲಿಟ್ಟು, ಕಿರಣದ ನಡುವಿನ ಪ್ರಖರ ಭಾಗವನ್ನು ಅದರ ಮೇಲೆ ಬೀಳಿಸಿ, ಟಾರ್ಚು ಹೊತ್ತಿಸಿದ ಅರ್ಧ ನಿಮಿಷದ ನಂತರ ಸಿಕ್ಕ ಸಂಖ್ಯೆಯನ್ನು ನೂರರಿಂದ ಗುಣಿಸಬೇಕು. ಒಂದೆರಡು ಮೀಟರ್ ದೂರದಲ್ಲಿ ಅಳೆದರೆ ಪ್ರತಿಫಲಕದ ಅಂಚಿನಿಂದ ಬರುವ ಬೆಳಕು ಇನ್ನೂ ನಡುವಿಗೆ ಬಂದು ಕೂಡಿರುವುದಿಲ್ಲವಾದ್ದರಿಂದ ಲೆಕ್ಕ ತಪ್ಪುತ್ತದೆ. ನನ್ನ ಟಾರ್ಚು ತೋರಿಸಿದ್ದು 780 ಲಕ್ಸ್, ಅಂದರೆ 78,000 ಕ್ಯಾಂಡೆಲಾ, ಅಂದರೆ ಸುಮಾರು 560 ಮೀಟರ್. ಕ್ಯಾಂಡೆಲಾದಲ್ಲಿ ನೂರಕ್ಕೆ 13ರಷ್ಟು ಕಡಿಮೆ ಬಂದರೂ ದೂರದಲ್ಲಿ ಕಡಿಮೆಯಾದದ್ದು ನೂರಕ್ಕೆ 7 ಮಾತ್ರ. ವರ್ಗಮೂಲ ತಯಾರಕರ ಪಾಲಿಗೆ ಬಹಳ ಕರುಣಾಳು. ಸಾಮಾನ್ಯ ಮೀಟರುಗಳಲ್ಲಿಯೂ ಅಷ್ಟಿಷ್ಟು ತಪ್ಪು ಇರುವುದರಿಂದ ಈ ವ್ಯತ್ಯಾಸವನ್ನು ನಾನು ಮೋಸವೆಂದು ಕರೆಯುವುದಿಲ್ಲ. ಮೊಬೈಲ್ ಫೋನಿನ ಬೆಳಕಿನ ಸೆನ್ಸರನ್ನು ಬಳಸುವ ಆ್ಯಪ್‌ಗಳು ಎರಡು ಟಾರ್ಚುಗಳನ್ನು ಹೋಲಿಸಲು ನಡೆಯುತ್ತವೆ, ನಿಜವಾದ ಸಂಖ್ಯೆ ಹೇಳಲು ಅಲ್ಲ.

ಆದರೆ 560 ಮೀಟರ್ ಎಂದರೆ 560 ಮೀಟರ್ ದೂರದಲ್ಲಿರುವುದು ಕಾಣುತ್ತದೆ ಎಂದಲ್ಲ. ಹುಣ್ಣಿಮೆಯಲ್ಲಿ ನಿಂತವನಿಗೆ ತನ್ನ ಕಾಲಬಳಿಯ ಹುಲ್ಲು ಕಾಣುವುದು ಬೇರೆ, ಅಷ್ಟೇ ಬೆಳಕು ಅರ್ಧ ಕಿಲೋಮೀಟರ್ ಆಚೆಯ ಮರದ ಮೇಲೆ ಬಿದ್ದಾಗ ಇಲ್ಲಿಂದ ಆ ಮರವನ್ನು ಗುರುತಿಸುವುದು ಬೇರೆ. ಅಲ್ಲಿ ಮರ ಎಷ್ಟೋ ಚಿಕ್ಕದಾಗಿ ಕಾಣುತ್ತದೆ, ಜೊತೆಗೆ ನಮ್ಮ ಕಣ್ಣು ಹತ್ತಿರದ ಗಾಳಿಯಲ್ಲಿ ಚದುರುವ ಕಿರಣದ ಬೆಳಕನ್ನು ದಾಟಿ ನೋಡಬೇಕಾಗುತ್ತದೆ. ಕೊಯ್ಲಾದ ಗದ್ದೆಬಯಲಿನಲ್ಲಿ ನಿಂತು ನೋಡಿದಾಗ, ನಿಂತಿರುವುದು ಮನುಷ್ಯನೋ ಬೆರ್ಚಪ್ಪನೋ ಎಂದು ಅನುಮಾನವಿಲ್ಲದೆ ಹೇಳಲು ಸಾಧ್ಯವಾದದ್ದು ಸುಮಾರು 200 ಮೀಟರ್‌ವರೆಗೆ. ಅಲ್ಲಿ ಗುರಿಯ ಮೇಲೆ ಬೀಳುವ ಬೆಳಕು ಲೆಕ್ಕದ ಪ್ರಕಾರ ಎರಡು ಲಕ್ಸ್‌ನ ಆಸುಪಾಸು. ಅದಕ್ಕಾಗಿ ಯಾವುದೇ ಪೆಟ್ಟಿಗೆಯ ಮೇಲಿನ ದೂರವನ್ನು ಮೂರರಿಂದ ಭಾಗಿಸಿ ನೋಡುವುದು ನನ್ನ ರೂಢಿಯಾಗಿದೆ.

ಮಲೆನಾಡಿನಲ್ಲಿ ಟಾರ್ಚು ಕೊಳ್ಳುವವರು ಸಾಮಾನ್ಯವಾಗಿ ಮಾಡುವ ಪರೀಕ್ಷೆಯೊಂದರ ಬಗ್ಗೆ ಇಲ್ಲಿ ಎಚ್ಚರಿಕೆ ಹೇಳಬೇಕು. ಕಟ್ಟಿಹಾಕಿದ ಹಸುವಿನ ಕಡೆಗೋ ದೂರದ ನಾಯಿಯ ಕಡೆಗೋ ಬೆಳಕು ಬಿಟ್ಟು, ಕಣ್ಣು ಫಳಕ್ಕೆಂದು ಹೊಳೆದರೆ ಟಾರ್ಚು ಚೆನ್ನಾಗಿದೆ ಎಂದು ತೀರ್ಮಾನಿಸುವುದುಂಟು. ಹಸು, ನಾಯಿ, ಬೆಕ್ಕು, ಜಿಂಕೆ, ಚಿರತೆಗಳ ಕಣ್ಣಿನ ಹಿಂಭಾಗದಲ್ಲಿ ಬೆಳಕನ್ನು ಬಂದ ದಾರಿಯಲ್ಲೇ ಮರಳಿಸುವ ಒಂದು ಪದರ ಇದೆ. ಆದ್ದರಿಂದ ಕಳಪೆ ಟಾರ್ಚಿಗೂ ಆ ಕಣ್ಣುಗಳು ಬಹಳ ದೂರದಿಂದ ಉತ್ತರ ಕೊಡುತ್ತವೆ. ಹಂದಿಯ ಕಣ್ಣಿನಲ್ಲಿ ಆ ಪದರ ಇಲ್ಲ. ಜೋಳದ ಹೊಲಕ್ಕೋ ಗದ್ದೆಗೋ ನುಗ್ಗುವ ಕಾಡುಹಂದಿ ಮೈಯೂ ಕಪ್ಪು, ಕಣ್ಣೂ ಹೊಳೆಯದ ಪ್ರಾಣಿ; ಅದನ್ನು ಕಾಣಬೇಕಾದರೆ ಅದರ ಮೈಮೇಲಿಂದ ಮರಳಿ ಬರುವ ಅಲ್ಪ ಬೆಳಕನ್ನೇ ನೆಚ್ಚಿಕೊಳ್ಳಬೇಕು. ಬೆಳೆ ಕಾಯುವವರು ಟಾರ್ಚಿನ ಪರೀಕ್ಷೆಗೆ ನೆರಳಿನಲ್ಲಿ ಹಾಸಿದ ಕರಿಕಂಬಳಿಯನ್ನು ಬಳಸುವುದು ಹಸುವಿನ ಕಣ್ಣಿಗಿಂತ ಎಷ್ಟೋ ಪ್ರಾಮಾಣಿಕವಾದ ವಿಧಾನ. ನನ್ನ ಟಾರ್ಚು ಕಂಬಳಿಯನ್ನು ತೋರಿಸಿದ್ದು ನೂರು ಮೀಟರನ್ನು ಸ್ವಲ್ಪ ದಾಟುವವರೆಗೆ.

ಇಷ್ಟು ಚಿಕ್ಕ ಟಾರ್ಚು ಇಷ್ಟು ದೂರ ಹಾಯುವುದಕ್ಕೆ ಕಾರಣ ಎಲ್‌ಇಡಿಯ ಗಾತ್ರ. ಕಿರಣದ ಬಲ ಎರಡು ಸಂಗತಿಗಳನ್ನು ಅವಲಂಬಿಸಿದೆ: ಬೆಳಕು ಹೊಮ್ಮುವ ಮೇಲ್ಮೈಯ ಪ್ರತಿ ಚದರ ಮಿಲಿಮೀಟರು ಎಷ್ಟು ಪ್ರಖರವಾಗಿದೆ ಎಂಬುದು ಒಂದು, ಮುಂದಿನಿಂದ ನೋಡಿದಾಗ ಪ್ರತಿಫಲಕದ ವಿಸ್ತೀರ್ಣ ಎಷ್ಟು ಎಂಬುದು ಇನ್ನೊಂದು. ದೊಡ್ಡ ಎಲ್‌ಇಡಿಯಿಂದ ಒಟ್ಟು ಬೆಳಕು ಹೆಚ್ಚು ಬಂದರೂ ಅದು ಹರಡಿಕೊಂಡಿರುತ್ತದೆ. ಮೇಲೆ ಗುಮ್ಮಟವಿಲ್ಲದ, ಒಂದೆರಡು ಚದರ ಮಿಲಿಮೀಟರಿನ ಚಪ್ಪಟೆ ಎಲ್‌ಇಡಿಗಳು ಲ್ಯೂಮೆನ್‌ನಲ್ಲಿ ಸೋತು ಕ್ಯಾಂಡೆಲಾದಲ್ಲಿ ಗೆಲ್ಲುತ್ತವೆ. ಓಸ್ರಾಮ್ ಕಂಪನಿಯ ಇಂಥ ಎಲ್‌ಇಡಿಗಳು ಬಂದ ಮೇಲೆಯೇ ಜೇಬಿಗೆ ಹಿಡಿಸುವ ದೂರದ ಟಾರ್ಚುಗಳು ಸಾಮಾನ್ಯವಾದವು. ಆದರೆ ಎಲ್‌ಇಡಿ ಎಷ್ಟೇ ಒಳ್ಳೆಯದಿದ್ದರೂ ತಲೆಯ ಅಗಲದ ಮಿತಿಯನ್ನು ಮೀರುವಂತಿಲ್ಲ. ಅದೇ ಎಲ್‌ಇಡಿಯನ್ನು 80 ಮಿಲಿಮೀಟರ್ ತಲೆಯಲ್ಲಿ ಕೂರಿಸಿದರೆ ಕ್ಯಾಂಡೆಲಾ ನಾಲ್ಕು ಪಟ್ಟು, ದೂರ ಎರಡು ಪಟ್ಟು ಆಗುತ್ತದೆ. ಆಗ ಅದು ಜೇಬಿನ ಟಾರ್ಚಾಗಿ ಉಳಿಯುವುದಿಲ್ಲ. ಹೆಬ್ಬೆರಳಿನಷ್ಟು ಅಗಲದ ತಲೆಯ ಎಲ್‌ಇಡಿ ಟಾರ್ಚು ಒಂದು ಕಿಲೋಮೀಟರ್ ಹಾಯುತ್ತದೆ ಎಂದು ಯಾರಾದರೂ ಹೇಳಿದರೆ ನಗಬಹುದು. ನೀಲಿ ಲೇಸರನ್ನು ಫಾಸ್ಫರ್ ಎಂಬ ಹೊಳೆಯುವ ವಸ್ತುವಿನ ಪುಟ್ಟ ಚುಕ್ಕೆಯ ಮೇಲೆ ಬಿಟ್ಟು ಬಿಳಿ ಬೆಳಕು ಪಡೆಯುವ ಎಲ್‌ಇಪಿ ಟಾರ್ಚುಗಳು ಮಾತ್ರ ಚಿಕ್ಕ ತಲೆಯಲ್ಲಿಯೂ ಅಂಥ ದೂರ ತಲುಪುತ್ತವೆ. ಆದರೆ ಅವುಗಳ ಬೆಲೆ ಎಷ್ಟೋ ಹೆಚ್ಚು, ಕಿರಣ ದಾರದಷ್ಟು ಸಪೂರ, ಅವನ್ನು ಹಿಡಿದು ದಾರಿ ನಡೆಯುವುದು ಕಷ್ಟ. ಸಂತೆಯಲ್ಲಿ ಸಿಗುವ, ತಲೆಯನ್ನು ಹಿಂದೆಮುಂದೆ ಎಳೆಯುವ ಜೂಮ್ ಟಾರ್ಚುಗಳು ಎಲ್‌ಇಡಿಯ ಚೌಕಾಕಾರವನ್ನೇ ಗೋಡೆಯ ಮೇಲೆ ಮೂಡಿಸುತ್ತವೆ. ಮಸೂರಕ್ಕೆ ತಗುಲದ ಬೆಳಕೆಲ್ಲ ಒಳಗೇ ವ್ಯರ್ಥವಾಗುತ್ತದೆ.

ನನ್ನ ಟಾರ್ಚಿನ ನಡುಬೆಳಕು 10 ಮೀಟರ್ ದೂರದ ಗೋಡೆಯ ಮೇಲೆ ಸುಮಾರು ಅರ್ಧ ಮೀಟರ್ ಅಗಲ ಬೀಳುತ್ತದೆ. ಈ ಪ್ರಮಾಣದಲ್ಲಿ 100 ಮೀಟರ್‌ನಲ್ಲಿ ಅದು ಐದು ಮೀಟರ್ ಆಗುತ್ತದೆ, ಅಲ್ಲಿ ಅದು ಸೊಗಸು. ಕಾಲಬಳಿ ಮಾತ್ರ ಇದೇ ಕಿರಣ ತೊಂದರೆ ಕೊಡುತ್ತದೆ: ಕಣ್ಣು ಕುಕ್ಕುವ ಒಂದು ಬಿಳಿ ಚುಕ್ಕೆ, ಅದರ ಸುತ್ತ ಮಸುಕು ಬೆಳಕು, ಹಾವು ಮಲಗಿರಬಹುದಾದ ಅಂಚೆಲ್ಲ ಅರೆಗತ್ತಲು. ಮಳೆಗಾಲದ ಮಂಜಿನಲ್ಲಿ ಇನ್ನೂ ಕಷ್ಟ. ಕಿರಣವೇ ಬಿಳಿ ಕಂಬದಂತೆ ಎದುರಿಗೆ ನಿಂತು ಆಚೆಗಿನದೆಲ್ಲ ಮುಚ್ಚಿಹೋಗುತ್ತದೆ. ಹಳದಿ ಬೆಳಕು ಮಂಜನ್ನು ಸೀಳುತ್ತದೆ ಎಂಬ ಮಾತನ್ನು ನಂಬಿ ಹಳದಿ ಗಾಜು ಹಾಕುವವರಿದ್ದಾರೆ. ಮಂಜಿನ ಹನಿಗಳು ಬೆಳಕಿನ ಅಲೆಯುದ್ದಕ್ಕಿಂತ ಬಹಳ ದೊಡ್ಡವಾದ್ದರಿಂದ ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಸಮನಾಗಿ ಚದುರಿಸುತ್ತವೆ. ಟಾರ್ಚನ್ನು ಕಣ್ಣಿನ ಮಟ್ಟದಿಂದ ಇಳಿಸಿ ಸೊಂಟದ ಬಳಿ ಹಿಡಿದರೆ ಬಣ್ಣ ಬದಲಿಸುವುದಕ್ಕಿಂತ ಹೆಚ್ಚು ಪ್ರಯೋಜನವಿದೆ.

ಎಷ್ಟು ಹೊತ್ತು ಉರಿಯುತ್ತದೆ ಎಂಬ ಪ್ರಶ್ನೆಗೆ ಪೆಟ್ಟಿಗೆ ಕೊಡುವ ಉತ್ತರವನ್ನು ಎಚ್ಚರದಿಂದ ಓದಬೇಕು. ಮಾನದಂಡದ ಪ್ರಕಾರ, ಮೊದಲ ಅರ್ಧ ನಿಮಿಷದ ಬೆಳಕಿನ ಹತ್ತನೆಯ ಒಂದು ಭಾಗಕ್ಕೆ ಇಳಿಯುವವರೆಗಿನ ಸಮಯವೆಲ್ಲ ಉರಿಯುವ ಸಮಯವೇ. ಹಾಗಾಗಿ ಸಾವಿರ ಲ್ಯೂಮೆನ್ನಿನಲ್ಲಿ ಎರಡು ಮೂರು ನಿಮಿಷ ಉರಿದು, ಬಿಸಿಯಾದ ಕೂಡಲೇ ನಾನೂರಕ್ಕೆ ಇಳಿದು, ಅಲ್ಲೇ ಮೂರು ಗಂಟೆ ಕಳೆಯುವ ಟಾರ್ಚಿಗೂ ಗರಿಷ್ಠ ಬೆಳಕು, ಮೂರು ಗಂಟೆ ಎಂದು ಬರೆಯುವ ಹಕ್ಕಿದೆ. ಇದನ್ನು ಶಕ್ತಿಯ ಲೆಕ್ಕದಿಂದ ಪರೀಕ್ಷಿಸಬಹುದು. 5,000 ಎಂಎಎಚ್‌ನ 21700 ಸೆಲ್ಲಿನಲ್ಲಿ ಸುಮಾರು 18 ವ್ಯಾಟ್-ಅವರ್ ಶಕ್ತಿ ಇರುತ್ತದೆ; ಪ್ರತಿ ವ್ಯಾಟಿಗೆ ನೂರು ಲ್ಯೂಮೆನ್ ಎಂದು ಹಿಡಿದರೆ ಸಾವಿರ ಲ್ಯೂಮೆನ್ನಿಗೆ ಹತ್ತು ವ್ಯಾಟ್ ಬೇಕು, ಎಲ್ಲಿಯೂ ಇಳಿಯದೆ ಉರಿದರೆ ಎರಡು ಗಂಟೆಯೊಳಗೆ ಸೆಲ್ ಬರಿದಾಗಬೇಕು. ಅಷ್ಟು ಬಿಸಿಯನ್ನು ಈ ಪುಟ್ಟ ಅಲ್ಯೂಮಿನಿಯಂ ಮೈ ತಡೆಯಲಾರದು, ಆದ್ದರಿಂದ ಬೆಳಕು ಇಳಿಯುವುದು ದೋಷವಲ್ಲ, ಅವಶ್ಯಕತೆ. ನನ್ನ ಟಾರ್ಚಿನ ಬೆಳಕು ಇಳಿದ ನಂತರ ಮತ್ತೆ ಅಳೆದಾಗ ಸುಮಾರು 31,000 ಕ್ಯಾಂಡೆಲಾ ಉಳಿದಿತ್ತು. ಬೆಳಕು ನೂರಕ್ಕೆ ನಲವತ್ತಕ್ಕೆ ಕುಸಿದರೂ ಲೆಕ್ಕದ ದೂರ 350 ಮೀಟರಿನ ಮೇಲೆಯೇ ಇದೆ; ವರ್ಗಮೂಲದ ಕರುಣೆ ಈ ಸಲ ನಮ್ಮ ಪಾಲಿಗೂ ಬಂತು.

ಸೆಲ್‌ಗಳ ವಿಷಯದಲ್ಲಿ ಜಾಲತಾಣದ ಅಂಗಡಿಗಳು ಮೋಸದ ಗಣಿ. 18650 ಸೆಲ್ ಮೇಲೆ 9,900 ಎಂಎಎಚ್ ಎಂದು ಮುದ್ರಿಸಿ ಮಾರುವುದನ್ನು ನೋಡಬಹುದು. ಆ ಗಾತ್ರದ ಒಳ್ಳೆಯ ಸೆಲ್‌ಗಳ ಸಾಮರ್ಥ್ಯವೇ 3,500ರ ಆಸುಪಾಸಿನಲ್ಲಿ ನಿಲ್ಲುತ್ತದೆ. ಭಾರತದಲ್ಲಿ ಮಾರುವ ಲಿಥಿಯಂ ಸೆಲ್‌ಗಳಿಗೆ ಐಎಸ್ 16046 ಮಾನದಂಡದಡಿ ಭಾರತೀಯ ಮಾನಕ ಬ್ಯೂರೋದ (ಬಿಐಎಸ್) ನೋಂದಣಿ ಕಡ್ಡಾಯವಾಗಿರುವುದರಿಂದ ಆ ಗುರುತನ್ನು ಹುಡುಕುವುದು ಒಳ್ಳೆಯದು. ಸೆಲ್ಲನ್ನು ಟಾರ್ಚಿನೊಳಗೇ ಚಾರ್ಜ್ ಮಾಡುವ ಯುಎಸ್‌ಬಿ ಕಿಂಡಿ ಅನುಕೂಲವೇ ಸರಿ, ಆದರೆ ಅದರ ರಬ್ಬರ್ ಮುಚ್ಚಳ ಸಡಿಲವಾದ ದಿನ ನೀರು ಒಳನುಗ್ಗದು ಎಂದು ಸೂಚಿಸುವ ಐಪಿಎಕ್ಸ್8 ಎಂಬ ಬರಹಕ್ಕೆ ಅರ್ಥವಿಲ್ಲ. ಮಳೆ ಹೆಚ್ಚಿರುವ ಕಡೆ ಕಿಂಡಿಯಿಲ್ಲದ ಟಾರ್ಚು ಮತ್ತು ಬೇರೆ ಚಾರ್ಜರ್ ಹೆಚ್ಚು ನೆಮ್ಮದಿ ಕೊಡುತ್ತವೆ.

ಟ್ಯಾಕ್ಟಿಕಲ್ ಎನಿಸಿಕೊಳ್ಳುವ ಗುಣ ನಿಜವಾಗಿ ಇರುವುದು ಹಿಂಬದಿಯ ಸ್ವಿಚ್ಚಿನಲ್ಲಿ. ಅರ್ಧ ಒತ್ತಿದಾಗ ಹೊತ್ತಿ ಬಿಟ್ಟಾಗ ಆರುವ, ಪೂರ್ತಿ ಒತ್ತಿದಾಗ ಕಟಕ್ಕೆಂದು ನಿಲ್ಲುವ ಸ್ವಿಚ್ಚು ಇದ್ದರೆ ಒದ್ದೆ ಕೈಯಲ್ಲಿಯೂ ಯೋಚಿಸದೆ ಬೆಳಕು ಮಾಡಬಹುದು. ನನ್ನ ಟಾರ್ಚಿನಲ್ಲಿ ಅದು ಹಾಗೆಯೇ ಇದೆ, ಹೊತ್ತಿಸಿದಾಗ ಯಾವಾಗಲೂ ಗರಿಷ್ಠ ಬೆಳಕಿನಿಂದಲೇ ಆರಂಭವಾಗುತ್ತದೆ. ದೂರ ನೋಡಲೆಂದೇ ಇಟ್ಟುಕೊಂಡ ಟಾರ್ಚಿಗೆ ಇದು ಸರಿಯಾದ ವ್ಯವಸ್ಥೆ. ಮಿಣುಕುವ ಸ್ಟ್ರೋಬ್ ಬಗ್ಗೆ ಇಷ್ಟೇ ಹೇಳಬಲ್ಲೆ: ಅದು ಪಕ್ಕದ ಇನ್ನೊಂದು ಗುಂಡಿಗೆ ಸೇರಿರುವುದರಿಂದ ತಪ್ಪಿ ಒತ್ತಿಹೋಗುವುದಿಲ್ಲ, ಅದೇ ಅದರ ದೊಡ್ಡ ಗುಣ. ಆನೆ ಓಡಾಡುವ ಕಡೆ ಪ್ರಾಣಿಯ ಕಣ್ಣಿಗೆ ಸ್ಟ್ರೋಬ್ ಬಿಡುವ ಸಾಹಸವನ್ನು ಯಾರಿಗೂ ಸೂಚಿಸಲಾರೆ. ಆನೆ ಇದೆ ಎಂದು ದೂರದಿಂದಲೇ ತಿಳಿದು ಹಿಂದೆ ಸರಿಯುವುದಕ್ಕಷ್ಟೇ ಈ ಟಾರ್ಚು. ಗಾಜಿನ ಸುತ್ತ ಹಲ್ಲುಹಲ್ಲಾಗಿರುವ ಉಕ್ಕಿನ ಬಳೆಯನ್ನು ಆತ್ಮರಕ್ಷಣೆಗೆಂದು ಹೇಳುತ್ತಾರೆ. ನನಗೆ ಕಂಡ ಉಪಯೋಗ ಒಂದೇ, ಮೇಜಿನ ಮೇಲೆ ಮುಖ ಕೆಳಗಾಗಿ ಇಟ್ಟಾಗ ಅಂಚಿನಿಂದ ಬೆಳಕು ಸೋರಿ ಟಾರ್ಚು ಹೊತ್ತಿರುವುದು ಗೊತ್ತಾಗುತ್ತದೆ.

ಒಂದೇ ಟಾರ್ಚು ಕೊಳ್ಳಲು ಹೊರಟವರಿಗೆ ನಾನು ಇದನ್ನು ಶಿಫಾರಸು ಮಾಡುವುದಿಲ್ಲ. ತೋಟದ ದಾರಿ, ಪಂಪ್‌ಸೆಟ್ ಮನೆ, ಕೆಟ್ಟು ನಿಂತ ಕಾರು, ಇವಕ್ಕೆಲ್ಲ ಇಪ್ಪತ್ತು ಮೂವತ್ತು ಸಾವಿರ ಕ್ಯಾಂಡೆಲಾದ, ಸುತ್ತಲೂ ಧಾರಾಳವಾಗಿ ಬೆಳಕು ಚೆಲ್ಲುವ ಟಾರ್ಚು ಸಾಕು, ಬೆಲೆಯೂ ಕಡಿಮೆ. ಅಂಥದೊಂದು ಈಗಾಗಲೇ ಮನೆಯಲ್ಲಿದ್ದು, ಕೆರೆಯ ಆಚೆ ದಡದಲ್ಲಿ ಏನಿದೆ, ಗದ್ದೆಯ ಕೊನೆಯ ಬೇಲಿ ಮುರಿದಿದೆಯೇ, ತೋಟದ ಅಂಚಿನಲ್ಲಿ ನಿಂತಿರುವುದು ಯಾವ ಪ್ರಾಣಿ ಎಂದು ನಿಂತಲ್ಲಿಂದಲೇ ತಿಳಿಯಬೇಕಾದವರಿಗೆ ಈ ಬಗೆಯ ಟಾರ್ಚು ಕೊಟ್ಟ ಹಣಕ್ಕೆ ಸಲ್ಲುತ್ತದೆ. ನಾನಂತೂ ತಲೆಗೆ ಕಟ್ಟುವ ಅಗಲ ಬೆಳಕಿನ ಟಾರ್ಚನ್ನು ನಡೆಯಲು ಹಾಕಿಕೊಂಡು, ಇದನ್ನು ಜೇಬಿನಲ್ಲಿ ಇರಿಸಿಕೊಳ್ಳುತ್ತೇನೆ. ಜೇಬಿನಲ್ಲಿ ತಾನೇ ಹೊತ್ತಿಕೊಂಡು ಬಟ್ಟೆ ಸುಡದಂತೆ ಹಿಂಬದಿಯ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಡುತ್ತೇನೆ.