ಸ್ವಾಬ್‌ನಲ್ಲಿ ಉರಿಯೂತ ಅಳೆಯುವುದು: ಭಾಗಿಸುವುದು ಯಾವುದರಿಂದ?

ವಿಜಯಪುರದ ಒಂದು ಮೆಡಿಕಲ್ ಕಾಲೇಜಿನ ಮಾಲಿಕ್ಯುಲರ್ ಲ್ಯಾಬ್‌ನಲ್ಲಿ ನನ್ನ ಕೆಲಸ. ಕೋವಿಡ್ ಕಾಲದಲ್ಲಿ ಬಂದ ಆರ್‌ಟಿ-ಪಿಸಿಆರ್ ಮಷೀನು ಈಗ ಪಿಜಿ ವಿದ್ಯಾರ್ಥಿಗಳ ಥೀಸಿಸ್‌ಗೂ ಓಡುತ್ತದೆ. ಆಗ ವೈರಸ್ ಇದೆಯೋ ಇಲ್ಲವೋ ಅಂತ ಹೇಳಿದರೆ ಸಾಕಾಗಿತ್ತು. ಈಗ ಕೇಳುವುದೇ ಬೇರೆ: ವೈರಸ್ಸಿನ ವಿರುದ್ಧ ದೇಹ ಎಷ್ಟು ಜೋರಾಗಿ ಎದ್ದಿದೆ? ಸ್ವಾಬ್‌ನಲ್ಲಿ ರೋಗಿಯ ಜೀವಕೋಶಗಳೂ ಇರುತ್ತವಲ್ವಾ, ಅವುಗಳ ಎಂಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ಅದರ ಪ್ರತಿ) ಅಳೆದು ಇದನ್ನು ಹೇಳಬಹುದು.

ಇದರಲ್ಲಿ ಎರಡು ಗುಂಪಿನ ಜೀನ್‌ಗಳಿವೆ. ಐಎಸ್‌ಜಿ15, ಎಂಎಕ್ಸ್1, ಐಎಫ್‌ಐ27 ಇವೆಲ್ಲ ಇಂಟರ್‌ಫೆರಾನ್ (ವೈರಸ್ ಬಂತೆಂದು ಕೋಶಗಳು ಹೊರಬಿಡುವ ಎಚ್ಚರಿಕೆಯ ಪ್ರೋಟೀನ್) ಬಂದಾಗ ಏಳುವಂಥವು. ಐಎಲ್6, ಟಿಎನ್‌ಎಫ್, ಐಎಲ್1ಬಿ ಉರಿಯೂತದವು. ಎರಡೂ ಜೊತೆಯಲ್ಲೇ ಏರಬೇಕೆಂದಿಲ್ಲ. 2020ರಲ್ಲಿ ಫ್ರಾನ್ಸಿನ ತಂಡವೊಂದು 50 ಕೋವಿಡ್ ರೋಗಿಗಳ ರಕ್ತ ಪರೀಕ್ಷಿಸಿತು. ಕಾಯಿಲೆ ತೀವ್ರವಾದವರಲ್ಲಿ ಇಂಟರ್‌ಫೆರಾನ್ ಕಡೆ ಮಂಕಾಗಿತ್ತು, ಐಎಲ್6 ಮತ್ತು ಟಿಎನ್‌ಎಫ್ ಮಾತ್ರ ಜಾಸ್ತಿಯಾಗಿದ್ದವು. ಹಾಗಾಗಿ ಎರಡನ್ನೂ ಕೂಡಿಸಿ ಒಂದೇ ಸ್ಕೋರ್ ಕೊಡಿ ಎಂದರೆ ನಾನು ಕೊಡುವುದಿಲ್ಲ.

ನಿಜವಾದ ತಲೆನೋವು ಲೆಕ್ಕದಲ್ಲಿದೆ. ಸಿಟಿ ಎಂದರೆ ಸಿಗ್ನಲ್ ಕಾಣಿಸಿಕೊಳ್ಳಲು ಮಷೀನು ಓಡಬೇಕಾದ ಸುತ್ತುಗಳ ಸಂಖ್ಯೆ. ಅದು ಒಂದು ಕಡಿಮೆಯಾದರೆ ಮೂಲದಲ್ಲಿದ್ದ ಪ್ರಮಾಣ ಸುಮಾರು ಎರಡು ಪಟ್ಟು, ಮೂರು ಕಡಿಮೆಯಾದರೆ ಎಂಟು ಪಟ್ಟು. ಆದರೆ ಮೂಗಿನಲ್ಲಿ ಕಡ್ಡಿಯನ್ನು ಒಬ್ಬರು ಚೆನ್ನಾಗಿ ತಿರುಗಿಸುತ್ತಾರೆ, ಇನ್ನೊಬ್ಬರು ಸುಮ್ನೆ ಮುಟ್ಟಿಸಿ ತೆಗೆಯುತ್ತಾರೆ, ಬರುವ ಕೋಶಗಳ ಸಂಖ್ಯೆಯೇ ಬೇರೆಯಾಗುತ್ತದೆ. ಅದಕ್ಕೇ ಹೆಚ್ಚು ಏರಿಳಿಯದ ಒಂದು ಜೀನನ್ನು ಆಧಾರವಾಗಿಟ್ಟು ಭಾಗಿಸಬೇಕು. ಹೊಸಬರ ಕಣ್ಣು ನೇರ ಕೋವಿಡ್ ಕಿಟ್‌ನಲ್ಲೇ ಇರುವ, ಮನುಷ್ಯನದೇ ಜೀನ್ ಆದ ಆರ್‌ಎನ್‌ಏಸ್ ಪಿ ಮೇಲೆ ಬೀಳುತ್ತದೆ. 'ಮೇಡಂ, ಇದರ ಸಿಟಿ ಹೇಗೂ ಬಂದಿದೆ, ಇದನ್ನೇ ಹಾಕೋಣ' ಅಂತಾರೆ.

ಬೇಡ. ಕೋವಿಡ್ ಪರೀಕ್ಷೆಯಲ್ಲಿ ಹೆಚ್ಚು ಬಳಕೆಯಾದ ಆರ್‌ಎನ್‌ಏಸ್ ಪಿ ಪ್ರೈಮರ್‌ಗಳು (ಬೇಕಾದ ಜೀನನ್ನು ಹುಡುಕಿ ಅಂಟುವ ಡಿಎನ್‌ಎ ತುಣುಕುಗಳು) ಮನುಷ್ಯನ ಡಿಎನ್‌ಎಯನ್ನೂ ಹಿಡಿಯುತ್ತವೆ. ಕಡ್ಡಿ ಮೂಗಿಗೆ ತಾಗಿದೆಯೇ ಎಂದು ತಿಳಿಯಲು ಅಷ್ಟು ಸಾಕು, ಆ ಕೆಲಸಕ್ಕೆ ಅದು ಒಳ್ಳೆಯದೇ. ಆದರೆ ಆರ್‌ಎನ್‌ಎ ಕೊಳೆತುಹೋದರೂ ಡಿಎನ್‌ಎ ಉಳಿದಿರುತ್ತದೆ, ಆರ್‌ಎನ್‌ಏಸ್ ಪಿ ಚೆನ್ನಾಗಿಯೇ ಕಾಣುತ್ತದೆ. ಆಗ ಐಎಲ್6 ಇಳಿದಂತೆ ತೋರುತ್ತದೆ. ಇಳಿದದ್ದು ರೋಗಿಯ ಉರಿಯೂತವಲ್ಲ, ಫ್ರೀಜರ್‌ಗೆ ಹೋಗುವ ಮೊದಲು ಬಿಸಿಯಲ್ಲಿ ಕುಳಿತ ಟ್ಯೂಬಿನ ಆರ್‌ಎನ್‌ಎ. ನಮ್ಮೂರಿನ ಮೇ ತಿಂಗಳ ಬಿಸಿಲಿನಲ್ಲಿ ಐಸ್ ಪ್ಯಾಕ್ ಕರಗಿದ ಡಬ್ಬಿ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾಗಾಗಿ ಮೊದಲು ಡಿಎನ್‌ಎ ಕತ್ತರಿಸುವ ಕಿಣ್ವ ಡಿಎನ್‌ಏಸ್ ಹಾಕುತ್ತೇವೆ, ಎಕ್ಸಾನ್ ಜೋಡಣೆಯ ಮೇಲೆ (ಜೀನಿನ ತುಣುಕುಗಳು ಎಂಆರ್‌ಎನ್‌ಎಯಲ್ಲಿ ಮಾತ್ರ ಕೂಡುವ ಜಾಗ) ಕೂರುವ ಪ್ರೈಮರ್ ಬಳಸುತ್ತೇವೆ, ಆಧಾರಕ್ಕೆ ಒಂದಲ್ಲ ಎರಡು ಜೀನ್ ಇಡುತ್ತೇವೆ. ಆರ್‌ಎನ್‌ಎಯನ್ನು ಡಿಎನ್‌ಎ ಆಗಿಸುವ ಕಿಣ್ವವಾದ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಹಾಕದ ಒಂದು ವೆಲ್ (ಪ್ಲೇಟಿನ ಗುಳಿ) ಪ್ರತಿ ಸ್ಯಾಂಪಲ್‌ಗೂ ಬೇಕು. ಅದರಲ್ಲೂ ಸಿಗ್ನಲ್ ಬೇಗ ಬಂತೆಂದರೆ ನೀವು ಅಳೆಯುತ್ತಿರುವುದು ಡಿಎನ್‌ಎ. ಈ ವೆಲ್‌ಗೆ ರೀಏಜೆಂಟ್ ದಂಡ ಎಂದು ಗೊಣಗುವವರಿದ್ದಾರೆ. ದಂಡವಾದರೂ ಇರಲಿ.

ಇಷ್ಟೆಲ್ಲ ಸರಿಯಾದ ಮೇಲೂ ಒಂದು ಅನುಮಾನ ಉಳಿಯುತ್ತದೆ. ಸಂತೆಯಲ್ಲಿ ಗದ್ದಲ ಹೆಚ್ಚಾಯಿತು ಎಂದರೆ ಇದ್ದವರೇ ಜೋರಾಗಿ ಕೂಗುತ್ತಿರಬಹುದು, ಇಲ್ಲವೇ ಜನ ಜಾಸ್ತಿ ಬಂದಿರಬಹುದು. ಸೋಂಕಾದಾಗ ಮೂಗಿನೊಳಗೆ ಬಿಳಿ ರಕ್ತಕಣಗಳು ನುಗ್ಗುತ್ತವೆ. ಆಗ ಅವುಗಳ ಜೀನ್‌ಗಳು ಟ್ಯೂಬಿನಲ್ಲಿ ಹೆಚ್ಚು ಕಾಣಲೇಬೇಕು, ಒಂದೊಂದು ಕೋಶ ಎಂದಿನಷ್ಟೇ ಕೆಲಸ ಮಾಡುತ್ತಿದ್ದರೂ. ಇದಕ್ಕಾಗಿ ಬಿಳಿ ರಕ್ತಕಣಗಳ ಗುರುತಾದ ಪಿಟಿಪಿಆರ್‌ಸಿ ಜೀನನ್ನೂ ಅದೇ ಪ್ಲೇಟಿನಲ್ಲಿ ಇಡುತ್ತೇನೆ. ಐಎಲ್1ಬಿ ಮತ್ತು ಪಿಟಿಪಿಆರ್‌ಸಿ ಎರಡೂ ಒಂದೇ ಪ್ರಮಾಣದಲ್ಲಿ ಏರಿದ್ದರೆ, 'ಉರಿಯೂತದ ಜೀನ್ ಚುರುಕಾಗಿದೆ' ಎಂದು ಥೀಸಿಸ್‌ನಲ್ಲಿ ಬರೆಯಲು ಬಿಡುವುದಿಲ್ಲ. ಬಿಳಿ ಕಣಗಳು ಬಂದಿವೆ ಎಂದು ಬರೆಯಿರಿ, ಅದೂ ಒಂದು ಫಲಿತಾಂಶವೇ.

ಕೊನೆಗೆ ಫಾರಂ ಮಾತು. ಇಂಟರ್‌ಫೆರಾನ್ ಜೀನ್‌ಗಳು ಸೋಂಕಿನ ಮೊದಲ ದಿನಗಳಲ್ಲಿ ಏರಿ ಆಮೇಲೆ ಇಳಿಯುತ್ತವೆ. ಎರಡನೇ ದಿನದ ಸ್ವಾಬನ್ನು ಎಂಟನೇ ದಿನದ್ದರ ಪಕ್ಕ ಇಟ್ಟು, ಇವರಿಗೆ ರೋಗನಿರೋಧಕ ಶಕ್ತಿ ಕಡಿಮೆ ಎಂದರೆ ಅದಕ್ಕೆ ಅರ್ಥವಿಲ್ಲ. ಜ್ವರ ಯಾವತ್ತು ಶುರುವಾಯಿತು ಎಂಬ ಜಾಗ ಖಾಲಿ ಇದ್ದರೆ ವಾರ್ಡಿಗೆ ಫೋನ್ ಮಾಡುತ್ತೇನೆ. ಉತ್ತರ ಸಿಗುವವರೆಗೆ ಆ ಸ್ಯಾಂಪಲ್ ರನ್‌ಗೆ ಹೋಗುವುದಿಲ್ಲ, ರೆಸಿಡೆಂಟ್ ಡಾಕ್ಟರ್ ಎಷ್ಟೇ ಸಿಟ್ಟಾಗಲಿ.