ಯಾವ ಮಷೀನ್ ಛಲೋ ಅದ ಎಂದು ಕೇಳುವವರಿಗೆ

"ಅಕ್ಕಾ, ಪೇಪರ್ ಕಟ್ ಮಾಡೋ ಮಷೀನ್ ಯಾವುದು ಛಲೋ ಅದರಿ?" ಕಲಬುರಗಿಯಲ್ಲಿ ಯಾವ ಮದುವೆಗೆ ಹೋದರೂ, ಯಾವ ತೊಟ್ಟಿಲ ಕಾರ್ಯಕ್ಕೆ ಹೋದರೂ ಈ ಪ್ರಶ್ನೆಯನ್ನು ಯಾರಾದರೂ ಕೇಳಿಯೇ ಕೇಳುತ್ತಾರೆ. ಬಿಡುವಿನ ವೇಳೆಯಲ್ಲಿ ನಾನು ಕಾಗದದ ತೋರಣ, ಗೋಡೆಗೆ ಹಚ್ಚುವ ಹೆಸರು, ಉಡುಗೊರೆಯ ಲಕೋಟೆ, ಮಕ್ಕಳ ಅಂಗಿಯ ಮೇಲಿನ ಚಿತ್ರ ಇವೆಲ್ಲವನ್ನೂ ಮನೆಯಲ್ಲಿಯೇ ಕತ್ತರಿಸಿ ಮಾಡುತ್ತೇನೆ ಎಂಬುದು ಬಂಧುಬಳಗಕ್ಕೆಲ್ಲ ಗೊತ್ತು. ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳುಹಿಸುತ್ತೇನೆ.

ಏನನ್ನು ಕತ್ತರಿಸುತ್ತೀರಿ ಎಂದು ಹೇಳದೆ ಯಾವುದು ಒಳ್ಳೆಯದು ಎಂದು ಕೇಳಬೇಡಿ. "ನೀವು ಏನು ಮಾಡಬೇಕೆಂದಿದ್ದೀರಿ?" ಎಂದು ನಾನು ತಿರುಗಿ ಕೇಳಿದರೆ, ಹೆಸರು ಬಿಟ್ಟುಕೊಡಲು ಇಷ್ಟವಿಲ್ಲದೆ ಮಾತು ತಪ್ಪಿಸುತ್ತಿದ್ದೇನೆ ಎಂದು ಹಲವರು ಮುಖ ಗಂಟಿಕ್ಕಿಕೊಳ್ಳುತ್ತಾರೆ. ನಾನು ಯಾವ ಕಂಪನಿಯ ಏಜೆಂಟಳೂ ಅಲ್ಲ, ಮುಚ್ಚಿಡುವಂಥ ಗುಟ್ಟೂ ನನ್ನಲ್ಲಿಲ್ಲ. ಕಾಗದಕ್ಕೆ ಸರಿಯಾದದ್ದು ಬಟ್ಟೆಗೆ ಸರಿಯಾಗುವುದಿಲ್ಲ, ಬಟ್ಟೆಗೆ ಸರಿಯಾದದ್ದು ಬರೀ ಸ್ಟಿಕರ್ ಮಾಡುವವರಿಗೆ ದಂಡದ ಖರ್ಚು, ಅಷ್ಟೇ.

ಮಷೀನಿನ ಕೆಲಸ ತಿಳಿದುಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಕಂಪ್ಯೂಟರ್ ಅಥವಾ ಫೋನಿನಿಂದ ಕಳುಹಿಸಿದ ಚಿತ್ರದ ಗೆರೆಯಂತೆಯೇ ಇದು ಕತ್ತರಿಸುತ್ತದೆ. ಅಂಟುಳ್ಳ ಮ್ಯಾಟಿನ ಮೇಲೆ ಹಾಳೆಯನ್ನು ಕೂರಿಸಿದರೆ ಉರುಳೆಗಳು ಅದನ್ನು ಹಿಂದೆ ಮುಂದೆ ಎಳೆಯುತ್ತವೆ, ಬ್ಲೇಡು ಹಿಡಿದ ಗಾಡಿ ಎಡಕ್ಕೂ ಬಲಕ್ಕೂ ಓಡುತ್ತದೆ, ಈ ಎರಡು ಚಲನೆಗಳು ಸೇರಿ ಯಾವ ಗೆರೆಯನ್ನಾದರೂ ತೆಗೆಯುತ್ತವೆ. ಬ್ಲೇಡಿನ ತುದಿ ತನ್ನ ನಡುವಿನಿಂದ ಕೂದಲೆಳೆಯಷ್ಟು ಸರಿದಿರುವುದರಿಂದ, ತಳ್ಳುವ ಗಾಡಿಯ ಮುಂದಿನ ಚಕ್ರದಂತೆ, ಗೆರೆ ಎತ್ತ ತಿರುಗಿದರೆ ಅತ್ತ ತಾನೂ ತಿರುಗಿಕೊಳ್ಳುತ್ತದೆ. ಎಂದರೆ ಬ್ಲೇಡನ್ನು ಹಾಳೆಯ ಮೇಲೆ ಎಳೆದುಕೊಂಡು ಹೋಗಲಾಗುತ್ತದೆ. ಗಟ್ಟಿ ಕಾಗದ ಇದನ್ನು ತಡೆದುಕೊಳ್ಳುತ್ತದೆ, ಸ್ಟಿಕರ್ ಹಾಳೆಯೂ ತಡೆದುಕೊಳ್ಳುತ್ತದೆ, ಆದರೆ ತೆಳುವಾದ ಹತ್ತಿ ಬಟ್ಟೆ ಬ್ಲೇಡಿನ ಜೊತೆಗೇ ಸುಕ್ಕುಗಟ್ಟಿ ಬರುತ್ತದೆ. ಆದ್ದರಿಂದ ಬಟ್ಟೆಯ ಬೆನ್ನಿಗೆ ಇಸ್ತ್ರಿಯಿಂದ ಗಟ್ಟಿ ಅಸ್ತರು ಅಂಟಿಸಬೇಕು, ಇಲ್ಲವೇ ಉರುಳುತ್ತಾ ಕತ್ತರಿಸುವ ಗುಂಡು ಬ್ಲೇಡ್ ಇರುವ ಮಷೀನನ್ನೇ ಕೊಳ್ಳಬೇಕು. ಕ್ರಿಕಟ್ ಕಂಪನಿಯ ಮೇಕರ್ ಮಷೀನಿಗೆ ಈ ಗುಂಡು ಬ್ಲೇಡ್ ಸಿಗುತ್ತದೆ, ಅದೇ ಕಂಪನಿಯ ಎಕ್ಸ್‌ಪ್ಲೋರ್ ಮಷೀನಿಗೆ ಹೊಂದುವುದಿಲ್ಲ. ಕೌದಿ ಹೊಲಿಯಲು ತುಂಡು ಕತ್ತರಿಸುವವರಿಗೆ ಇದು ದೊಡ್ಡ ವ್ಯತ್ಯಾಸ, ಕಾಗದದವರಿಗೆ ಯಾವ ವ್ಯತ್ಯಾಸವೂ ಅಲ್ಲ.

ಕಾಗದ, ಸ್ಟಿಕರ್, ಅಂಗಿಗೆ ಇಸ್ತ್ರಿ ಹಾಕಿ ಅಂಟಿಸುವ ವಿನೈಲ್ ಎಂಬ ತೆಳು ಪ್ಲಾಸ್ಟಿಕ್ ಹಾಳೆ ಇಷ್ಟೇ ನಿಮ್ಮ ಕೆಲಸವಾದರೆ ಕ್ರಿಕಟ್ ಎಕ್ಸ್‌ಪ್ಲೋರ್ ಅಥವಾ ಸಿಲೂಯೆಟ್ ಕ್ಯಾಮಿಯೊ, ಎರಡರಲ್ಲಿ ಯಾವುದಾದರೂ ಸಾಕು. ಎರಡರಲ್ಲೂ 12 ಇಂಚು ಅಗಲದ ಮ್ಯಾಟ್ ಹೋಗುತ್ತದೆ. ಕ್ರಿಕಟ್ ಜಾಯ್ ಎಂಬ ಪುಟ್ಟ ಮಷೀನು ನೋಡಲು ಮುದ್ದಾಗಿದೆ, ಆದರೆ ಅದರ ಮ್ಯಾಟಿನ ಮೇಲೆ ಕತ್ತರಿಸಬಹುದಾದ ಅಗಲ ಸುಮಾರು 4.5 ಇಂಚು ಮಾತ್ರ. ಲಕೋಟೆಯ ಮೇಲಿನ ಹೆಸರಿಗೆ, ಮಸಾಲೆ ಡಬ್ಬಿಯ ಚೀಟಿಗೆ ಅದು ಸರಿ, ತೊಟ್ಟಿಲ ಹಿಂದಿನ ಗೋಡೆಗೆ ಸಾಲದು. ಕಂಪ್ಯೂಟರ್ ಎಂದರೆ ಬೇಡವೇ ಬೇಡ ಎನ್ನುವವರಿಗೆ ಬ್ರದರ್ ಕಂಪನಿಯ ಸ್ಕ್ಯಾನ್‌ಎನ್‌ಕಟ್ ಇದೆ. ಕೈಯಿಂದ ಬರೆದ ಚಿತ್ರವನ್ನು ಅದರ ಒಳಗಿನ ಸ್ಕ್ಯಾನರ್ ಓದಿಕೊಂಡು, ಪರದೆಯ ಮೇಲೆ ತೋರಿಸಿ, ಹಾಗೆಯೇ ಕತ್ತರಿಸುತ್ತದೆ. ರಂಗೋಲಿಯಲ್ಲಿ ಕೈ ಪಳಗಿದ ಎಷ್ಟೋ ಹಿರಿಯ ಹೆಣ್ಣುಮಕ್ಕಳಿಗೆ ಇದೇ ಸರಿಯಾದದ್ದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

"ಥರ್ಮಾಕೋಲ್ ಕತ್ತರಿಸುತ್ತದೆಯೇ?" ಎಂಬುದು ನಮ್ಮೂರಿನ ಎರಡನೆಯ ಪ್ರಶ್ನೆ. ಇಲ್ಲ. ದಪ್ಪ ಥರ್ಮಾಕೋಲಿಗೆ ಕಾಯಿಸಿದ ತಂತಿಯೇ ಬೇಕು. ಮೇಕರ್ ಮಷೀನಿಗೆ ಸಿಗುವ ದಪ್ಪ ಬ್ಲೇಡು ಕೂಡ 2.4 ಮಿಲಿಮೀಟರಿನ ಆಚೆಗೆ ಹೋಗುವುದಿಲ್ಲ, ಅಷ್ಟು ದಪ್ಪದ ಹಗುರ ಮರವನ್ನಾದರೂ ಅದು ಒಂದೇ ಗೆರೆಯ ಮೇಲೆ ಮತ್ತೆ ಮತ್ತೆ ಓಡಿಯೇ ಕತ್ತರಿಸಬೇಕು. ಅಕ್ರಿಲಿಕ್, ಪ್ಲೈವುಡ್ ಬೇಕೆನ್ನುವವರು ಬೆಳಕಿನ ಬಿಸಿಯಿಂದ ಸುಟ್ಟು ಕತ್ತರಿಸುವ ಲೇಸರಿನ ಮಾತೆತ್ತುತ್ತಾರೆ. ಅಗ್ಗದ ನೀಲಿ ಲೇಸರಿನ ಬೆಳಕು ಪಾರದರ್ಶಕ ಅಕ್ರಿಲಿಕ್ಕಿನಲ್ಲಿ ಹಾಗೆಯೇ ಹಾದುಹೋಗುತ್ತದೆ, ಕತ್ತರಿಸುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಪಿವಿಸಿ ಎಂಬ ಪ್ಲಾಸ್ಟಿಕ್ ಇರುವ ರೆಕ್ಸಿನ್, ವಿನೈಲ್ ಸ್ಟಿಕರ್ ಯಾವುದನ್ನೂ ಲೇಸರಿಗೆ ಇಡಬಾರದು. ಅದು ಸುಟ್ಟಾಗ ಹೈಡ್ರೋಜನ್ ಕ್ಲೋರೈಡ್ ಅನಿಲ ಬರುತ್ತದೆ, ಅದು ಎದೆಯನ್ನೂ ಸುಡುತ್ತದೆ, ಮಷೀನಿನ ಕಬ್ಬಿಣವನ್ನೂ ತಿನ್ನುತ್ತದೆ. ಮಕ್ಕಳು ಮಲಗುವ ಕೋಣೆಯಲ್ಲಿ ಲೇಸರ್ ಇಡುತ್ತೇವೆ ಎನ್ನುವವರಿಗೆ ನಾನು ಸಿಟ್ಟಿನಿಂದಲೇ ಉತ್ತರ ಕೊಡುತ್ತೇನೆ, ಅದರಲ್ಲಿ ನನಗೆ ಸಂಕೋಚವಿಲ್ಲ.

ಮಷೀನಿನಷ್ಟೇ ಅದರ ಸಾಫ್ಟ್‌ವೇರನ್ನೂ ನೋಡಿ ಕೊಳ್ಳಬೇಕು ಎಂಬುದನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ. ಕ್ರಿಕಟ್ ಮಷೀನು ಡಿಸೈನ್ ಸ್ಪೇಸ್ ಎಂಬ ಸಾಫ್ಟ್‌ವೇರಿನಿಂದ ನಡೆಯುತ್ತದೆ, ಖಾತೆ ತೆರೆದು ಇಂಟರ್ನೆಟ್ಟಿನ ಮೂಲಕ ನೋಂದಾಯಿಸದೆ ಕೆಲಸ ಆರಂಭವಾಗುವುದಿಲ್ಲ. 2021ರ ಮಾರ್ಚ್‌ನಲ್ಲಿ ಆ ಕಂಪನಿ, ಚಂದಾ ಕಟ್ಟದವರು ತಿಂಗಳಿಗೆ 20 ಚಿತ್ರಗಳನ್ನು ಮಾತ್ರ ಅಪ್‌ಲೋಡ್ ಮಾಡಬಹುದು ಎಂಬ ಮಿತಿ ತರಲು ಹೊರಟಿತ್ತು. ಬಳಕೆದಾರರು ದೊಡ್ಡ ದನಿಯಲ್ಲಿ ವಿರೋಧಿಸಿದ ಮೇಲೆ ಹಿಂದೆಗೆದುಕೊಂಡಿತು. ದುಡ್ಡು ಕೊಟ್ಟು ಮನೆಗೆ ತಂದ ವಸ್ತುವಿನ ಮೇಲೆ ಹೀಗೆ ದೂರದಿಂದ ಹಿಡಿತ ಇಟ್ಟುಕೊಳ್ಳುವುದು ನನಗೆ ಸರಿಬರುವುದಿಲ್ಲ. ಸಿಲೂಯೆಟ್ಟಿನ ಸಾಫ್ಟ್‌ವೇರು ನಮ್ಮ ಕಂಪ್ಯೂಟರಿನಲ್ಲಿಯೇ ಇರುತ್ತದೆ, ನೆಟ್ ಇಲ್ಲದಿದ್ದರೂ ನಡೆಯುತ್ತದೆ. ಆದರೆ ಅದರ ಉಚಿತ ಆವೃತ್ತಿ ಗೆರೆಚಿತ್ರಗಳನ್ನು ಉಳಿಸಿಡುವ ಎಸ್‌ವಿಜಿ ಎಂಬ ಬಗೆಯ ಫೈಲುಗಳನ್ನು ತೆರೆಯುವುದಿಲ್ಲ, ಡಿಎಕ್ಸ್‌ಎಫ್ ಎಂಬ ಇನ್ನೊಂದು ಬಗೆಗೆ ಬದಲಿಸಿಕೊಂಡು ತರಬೇಕು, ಇಲ್ಲವೇ ದುಡ್ಡು ಕಟ್ಟಿ ಮೇಲಿನ ಆವೃತ್ತಿ ಕೊಳ್ಳಬೇಕು. ಹಾಗಿದ್ದರೂ ನಾನು ಕ್ಯಾಮಿಯೊ ಇಟ್ಟುಕೊಂಡಿರುವುದು ನೆಟ್ಟಿನ ಹಂಗಿಲ್ಲದೆ ನಡೆಯುತ್ತದೆ ಎಂಬ ಕಾರಣಕ್ಕೆ, ಅದು ಎಲ್ಲಕ್ಕಿಂತ ಚೆನ್ನಾಗಿ ಕತ್ತರಿಸುತ್ತದೆ ಎಂದಲ್ಲ.

ನಮ್ಮ ಭಾಗದ ಬಿಸಿಲು, ಧೂಳು, ಕರೆಂಟು ಇವು ಮೂರೂ ಲೆಕ್ಕಕ್ಕೆ ಬರುತ್ತವೆ. ಮೇ ತಿಂಗಳಲ್ಲಿ ಮ್ಯಾಟಿನ ಅಂಟು ಮೆತ್ತಗಾಗಿ ತೆಳು ಕಾಗದವನ್ನು ಬಿಡುವುದೇ ಇಲ್ಲ, ಬೆಳಿಗ್ಗೆ ತಂಪಿರುವಾಗ ಕತ್ತರಿಸುವುದೇ ಲೇಸು. ಧೂಳು ಹಿಡಿದು ಅಂಟು ಸತ್ತರೆ ಉಗುರುಬೆಚ್ಚಗಿನ ನೀರು, ಮೃದು ಸಾಬೂನಿನಿಂದ ತೊಳೆದು ನೆರಳಲ್ಲಿ ಒಣಗಿಸಿದರೆ ಸ್ವಲ್ಪ ಕಾಲ ಮತ್ತೆ ಹಿಡಿಯುತ್ತದೆ. ಕತ್ತರಿಸುವ ನಡುವೆ ಕರೆಂಟು ಹೋದರೆ ಮಷೀನು ತಾನೆಲ್ಲಿದ್ದೆ ಎಂಬುದನ್ನು ಮರೆಯುತ್ತದೆ, ಹಾಳೆ ಹೋದಂತೆಯೇ. ಇನ್ವರ್ಟರ್ ಇಲ್ಲದ ಮನೆಯವರು ಮೊದಲು ಅದರ ವ್ಯವಸ್ಥೆ ನೋಡಿಕೊಳ್ಳಿ. ಅಮೆರಿಕದಲ್ಲಿರುವ ಮಗನ ಕೈಯಲ್ಲಿ ತರಿಸುತ್ತೇವೆ ಎನ್ನುವವರು ಅಡಾಪ್ಟರಿನ ಮೇಲೆ 100ರಿಂದ 240 ವೋಲ್ಟ್ ಎಂದು ಬರೆದಿದೆಯೇ ನೋಡಿ, ವಾರಂಟಿ ಇಲ್ಲಿ ನಡೆಯುತ್ತದೆಯೇ ಎಂದು ಕೇಳಿ ಬರೆಯಿಸಿಕೊಳ್ಳಿ. ಬ್ಲೇಡು, ಮ್ಯಾಟು, ವಿನೈಲ್ ಇವೆಲ್ಲ ಸವೆಯುವ ವಸ್ತುಗಳು, ಮಷೀನಿನ ಬೆಲೆ ಕೇಳುವವರು ಇವುಗಳ ಬೆಲೆಯನ್ನೂ ಕೇಳಬೇಕು.

ಇಷ್ಟು ಹೇಳಿದರೂ ಕೇಳುವವರಿಗೆ ಬೇಕಾಗಿರುವುದು ಕಂಪನಿಯ ಹೆಸರು ಮತ್ತು ಬೆಲೆ ಎರಡೇ. ಕಳೆದ ಶ್ರಾವಣದಲ್ಲಿ ಬಳಗದ ಒಂದು ಮನೆಯ ತೊಟ್ಟಿಲ ಕಾರ್ಯಕ್ಕೆ 'ಸಮೃದ್ಧಿ' ಎಂಬ ಕೂಸಿನ ಹೆಸರನ್ನು ಬಂಗಾರದ ಬಣ್ಣದ ಕಾರ್ಡ್ ಶೀಟಿನಲ್ಲಿ ಒಂದೇ ತುಂಡಾಗಿ ಕತ್ತರಿಸಿ, ತೊಟ್ಟಿಲ ಮೇಲೆ ದಾರದಿಂದ ತೂಗುಬಿಟ್ಟಿದ್ದೆ. ಕೂಸಿನ ದೊಡ್ಡಪ್ಪ ಅದನ್ನು ತಿರುಗಿ ತಿರುಗಿ ನೋಡಿ, "ಎಷ್ಟಕ್ಕ ಬಿತ್ತವ್ವಾ ಮಷೀನು?" ಎಂದರು. ಊಟಕ್ಕೆ ಕುಳಿತಾಗ ಪಕ್ಕದವರು, ಬಡಿಸುವವರು, ಕೈ ತೊಳೆಯುವಲ್ಲಿ ನಿಂತವರು ಎಲ್ಲರದೂ ಅದೇ ಮಾತು. ಹೊರಡುವ ಹೊತ್ತಿಗೆ ಕೂಸಿನ ಆಯಿ ಮಾತ್ರ ನನ್ನನ್ನು ಕರೆದು, ತೂಗುತ್ತಿದ್ದ ಅಕ್ಷರದ ಕೆಳಗೆ ಬೆರಳಿಟ್ಟು ಕೇಳಿದರು: "ಈ ತೆಳಗಿನ ಒತ್ತು ಹ್ಯಾಂಗ ನಿಂತದ ತಂಗಿ, ಬೀಳಂಗಿಲ್ಲೇನು?"

ನನ್ನನ್ನು ಕೇಳಬೇಕಾದ ಪ್ರಶ್ನೆ ಅದು. ಇಂಗ್ಲಿಷ್ ಹೆಸರನ್ನು ಕೂಡಕ್ಷರದಲ್ಲಿ ಬರೆದರೆ ಹೆಚ್ಚು ಕಡಿಮೆ ಒಂದೇ ತುಂಡಾಗಿ ಬರುತ್ತದೆ. ಕನ್ನಡದಲ್ಲಿ ಹಾಗಲ್ಲ. 'ಸಮೃದ್ಧಿ'ಯಲ್ಲಿ ಮಕಾರದ ವಟ್ರಸುಳಿ ಪಕ್ಕದಲ್ಲಿ ಬೇರೆಯಾಗಿ ನಿಂತಿರುತ್ತದೆ, ದಕಾರದ ಕೆಳಗಿನ ಧಾ ಒತ್ತು ಅಕ್ಷರವನ್ನು ಮುಟ್ಟುವುದೇ ಇಲ್ಲ. ಹಾಗೆಯೇ ಕತ್ತರಿಸಿದರೆ ಅಕ್ಷರ ಒಂದು ಕಡೆ, ಒತ್ತು ಇನ್ನೊಂದು ಕಡೆ. 'ಅಂಬಿಕಾ' ಎಂದರೆ ಸೊನ್ನೆ ಉದುರುತ್ತದೆ. 'ಠ'ಕಾರದ ನಡುವಿನ ಚುಕ್ಕೆಗೆ ಆಧಾರವೇ ಇಲ್ಲ. ಇನ್ನು ಹಳೆಯ ನುಡಿ ಫಾಂಟುಗಳಲ್ಲಿ ಅಕ್ಷರವೊಂದನ್ನು ತುಂಡು ತುಂಡು ಆಕಾರಗಳನ್ನು ಒಂದರ ಮೇಲೊಂದು ಕೂರಿಸಿ ಕಟ್ಟಿರುತ್ತಾರೆ, ಕಾಗದದ ಮೇಲೆ ಮುದ್ರಿಸಿದರೆ ಇದು ಕಾಣಿಸುವುದಿಲ್ಲ, ಆದರೆ ಮಷೀನು ಪ್ರತಿ ತುಂಡಿನ ಅಂಚನ್ನೂ ಕತ್ತರಿಸುವುದರಿಂದ ಅಕ್ಷರದ ಹೊಟ್ಟೆಯೊಳಗೇ ಗೆರೆ ಬೀಳುತ್ತದೆ.

ಆದ್ದರಿಂದ ಹೆಸರನ್ನು ನಾನು ಇಂಕ್‌ಸ್ಕೇಪ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ಯುನಿಕೋಡ್ ಫಾಂಟಿನಿಂದ ಬರೆಯುತ್ತೇನೆ, ಅದರಲ್ಲಿ ಒತ್ತಕ್ಷರಗಳು ಸರಿಯಾಗಿ ಕೂಡುತ್ತವೆ. ಆಮೇಲೆ ಅಕ್ಷರಗಳನ್ನು ಪಾಥ್ ಆಗಿ, ಎಂದರೆ ಬರೀ ಗೆರೆಗಳಾಗಿ ಬದಲಿಸಿ, ಒತ್ತನ್ನು ಮೇಲಕ್ಕೆ ಸರಿಸಿ ತಾಯಿ ಅಕ್ಷರಕ್ಕೆ ತಾಗಿಸುತ್ತೇನೆ, ತಾಗದ ಕಡೆ ಸಣ್ಣ ಕೊಂಡಿ ಎಳೆಯುತ್ತೇನೆ, ಕೊನೆಗೆ ಎಲ್ಲವನ್ನೂ ಯೂನಿಯನ್ ಮಾಡಿ, ಎಂದರೆ ಒಂದಾಗಿ ಬೆಸೆದು, ಒಂದೇ ಹೊರಗೆರೆ ಉಳಿಸುತ್ತೇನೆ. 250 ಜಿಎಸ್‌ಎಂ (ಒಂದು ಚದರ ಮೀಟರಿಗೆ 250 ಗ್ರಾಂ ತೂಗುವ) ಕಾರ್ಡ್ ಶೀಟಿನಲ್ಲಿ ಕೊಂಡಿ 2 ಮಿಲಿಮೀಟರಿಗಿಂತ ಸಣ್ಣದಾದರೆ ಫ್ಯಾನಿನ ಗಾಳಿಗೇ ಹರಿಯುತ್ತದೆ. ಕೊಂಡಿ ಎಲ್ಲಿ ಬಂದರೆ ಅಕ್ಷರದ ಚೆಲುವು ಕೆಡುವುದಿಲ್ಲ ಎಂದು ನೋಡುವುದರಲ್ಲಿಯೇ ಸಂಜೆಯೆಲ್ಲ ಹೋಗುತ್ತದೆ, ಮಷೀನು ಓಡುವುದು ಕೆಲವೇ ನಿಮಿಷ. ಆಯಿಗೆ ನಾನು ಧಾ ಒತ್ತಿನ ತಲೆ ಮೇಲಿನ ದಕಾರದ ಹೊಟ್ಟೆಗೆ ಸೇರಿರುವ ಜಾಗವನ್ನು ತೋರಿಸಿದೆ. "ಹೌದಲ್ಲ, ಇಲ್ಲಿ ಹಿಡಿದದ" ಎಂದು ಅವರು ಅದನ್ನು ಉಗುರಿನಿಂದ ಮುಟ್ಟಿ ನೋಡಿದರು.

ಬೀದರಿನ ಬಿದ್ರಿ ಕೆಲಸದ ಹೂಬಳ್ಳಿಗಳನ್ನು ಕಾಗದದಲ್ಲಿ ತೆಗೆಯಬೇಕೆಂದು ಹಲವರು ಫೋಟೋ ಕಳುಹಿಸುತ್ತಾರೆ. ಆಸೆ ಒಳ್ಳೆಯದೇ. ಆದರೆ ಬಿದ್ರಿಯಲ್ಲಿ ಸತು ಮತ್ತು ತಾಮ್ರದ ಮೈಯಲ್ಲಿ ಚಾಣದಿಂದ ಕೆತ್ತಿದ ಗೂಡಿನೊಳಗೆ ಬೆಳ್ಳಿಯನ್ನು ಕೂರಿಸಿರುತ್ತಾರೆ, ಪ್ರತಿ ಎಸಳನ್ನೂ ಸುತ್ತಲಿನ ಲೋಹ ಹಿಡಿದಿರುತ್ತದೆ, ಎಸಳಿಗೂ ಎಸಳಿಗೂ ಸಂಬಂಧ ಬೇಕಿಲ್ಲ. ಅದೇ ಚಿತ್ರವನ್ನು ಕಾಗದದಲ್ಲಿ ಕತ್ತರಿಸಿದರೆ ಕೈಗೆ ಬರುವುದು ಬಿಡಿ ಎಸಳುಗಳ ರಾಶಿ. ಅದನ್ನು ಸ್ಟಿಕರಾಗಿ ಮಾಡಿದರೆ ಸೊಗಸಾಗಿ ಬರುತ್ತದೆ, ಏಕೆಂದರೆ ಬ್ಲೇಡು ಮೇಲಿನ ಪದರವನ್ನು ಮಾತ್ರ ಕತ್ತರಿಸಿ ಹಿಂದಿನ ಕಾಗದವನ್ನು ಬಿಡುತ್ತದೆ, ಎಸಳುಗಳು ಇದ್ದಲ್ಲಿಯೇ ಇರುತ್ತವೆ. ಕಾಗದದಲ್ಲಿಯೇ ಬೇಕು, ತೂಗುಬಿಡಬೇಕು ಎಂದಾದರೆ ಹಳೆಯ ಕಟ್ಟಡಗಳ ಕಲ್ಲಿನ ಜಾಲಂಧ್ರಗಳನ್ನು ನೋಡಿ. ಅಲ್ಲಿ ಪ್ರತಿ ಗೆರೆ ಇನ್ನೊಂದು ಗೆರೆಯನ್ನು ಹಿಡಿದೇ ನಿಂತಿರುತ್ತದೆ, ಇಲ್ಲದಿದ್ದರೆ ಕಲ್ಲೇ ಬೀಳುತ್ತಿತ್ತು.

ವರ್ಷಕ್ಕೆ ಒಂದೆರಡು ಕಾರ್ಯಕ್ಕೆ ಮಾತ್ರ ಹೆಸರು ಬೇಕೆನ್ನುವವರು ಮಷೀನು ಕೊಳ್ಳಲೇಬೇಡಿ. ಗಾಡಿಗಳ ನಂಬರ್ ಬರೆಯುವ ರೇಡಿಯಂ ಸ್ಟಿಕರ್ ಅಂಗಡಿಯಲ್ಲಿ ನಮ್ಮ ಮನೆಯ ಮಷೀನಿಗಿಂತ ಅಗಲವಾದ, ಪ್ಲಾಟರ್ ಎಂಬ ಕತ್ತರಿಸುವ ಮಷೀನು ಇರುತ್ತದೆ, ಫೈಲನ್ನು ಪೆನ್ ಡ್ರೈವಿನಲ್ಲಿ ಒಯ್ದರೆ ಕತ್ತರಿಸಿ ಕೊಡುತ್ತಾರೆ. ಉಳಿದವರು ಮೊದಲು ಒಂದು ಕೆಲಸ ಮಾಡಿ. ಮನೆಯ ಯಾರದಾದರೂ ಹೆಸರನ್ನು ಒಂದು ಗೇಣು ಎತ್ತರಕ್ಕೆ ದಪ್ಪ ಅಕ್ಷರದಲ್ಲಿ ಮುದ್ರಿಸಿಕೊಂಡು, ಉಳಿಯಬೇಕಾದ ಭಾಗದ ಮೇಲೆ ಬೆರಳಾಡಿಸುತ್ತಾ ಹೋಗಿ, ಬೆರಳು ಎತ್ತಬೇಕಾಗಿ ಬಂದಲ್ಲೆಲ್ಲ ಪೆನ್ಸಿಲಿನಿಂದ ಕೊಂಡಿ ಬರೆಯಿರಿ, ಆಮೇಲೆ ಪೆನ್ನಿನಂತಹ ಕಟರಿನಿಂದ ಅದನ್ನು ಕೈಯಲ್ಲಿಯೇ ಕತ್ತರಿಸಿ. ಇನ್ನೂ ಹತ್ತು ಹೆಸರು ಮಾಡಬೇಕು ಎನಿಸಿದರೆ ಆ ಹಾಳೆಯನ್ನು ಹಿಡಿದುಕೊಂಡು ನಮ್ಮ ಮನೆಗೆ ಬನ್ನಿ. ಯಾವ ಮಷೀನು, ಯಾವ ಬ್ಲೇಡು, ಯಾವ ಕಾಗದ ಎಂಬುದನ್ನು ಅದನ್ನು ನೋಡಿಯೇ ಹೇಳುತ್ತೇನೆ, ಕಂಪನಿಯ ಹೆಸರು ಸಮೇತ.